‘ಆಳವಾಗಿ ಉಸಿರೆಳೆಯಿರಿ’ ಎಂದು ಬರೆಯುವುದನ್ನು ಬಿಡೋಣ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶದ ಹಿಂದಿನ ದಿನವಿರಲಿ, ಹೊಸ ಜ್ವರದ ಸುದ್ದಿ ಹಬ್ಬಿದಾಗಿರಲಿ, ಕಂಪನಿಗಳು ಜನರನ್ನು ಮನೆಗೆ ಕಳಿಸುವ ಕಾಲವಿರಲಿ, ಪತ್ರಿಕೆಗಳಲ್ಲಿ ಒಂದು ಪುಟ್ಟ ಚೌಕ ತಪ್ಪದೆ ಬರುತ್ತದೆ. ‘ಆತಂಕ ಬೇಡ. ಆಳವಾಗಿ ಉಸಿರೆಳೆದುಕೊಳ್ಳಿ. ಒಳ್ಳೆಯದನ್ನೇ ಯೋಚಿಸಿ.’ ಬೇಡ ಅಂದ ಮಾತ್ರಕ್ಕೆ ಆತಂಕ ಹೋಗುವಂತಿದ್ದರೆ ಆ ಚೌಕದ ಅಗತ್ಯವೇ ಇರಲಿಲ್ಲ. ಒಳ್ಳೆಯದನ್ನೇ ಯೋಚಿಸು ಅಂದರೆ ಮನಸ್ಸು ಹಟ ಹಿಡಿದು ಕೆಟ್ಟದ್ದರ ಕಡೆಗೇ ಹೋಗುತ್ತದೆ. ಇವೆರಡರಿಂದ ಲಾಭವಿಲ್ಲದಿದ್ದರೂ ನಷ್ಟವಿಲ್ಲ ಎಂದು ಬಿಡಬಹುದು. ನಡುವಿನ ಮಾತಿನಿಂದ ಮಾತ್ರ ನಷ್ಟವಿದೆ. ಅದನ್ನು ಹೇಳಲೆಂದೇ ಈ ಪತ್ರ.

ಗಾಬರಿಯಲ್ಲಿರುವವರು ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತಾರೆ. ಸುಮ್ಮನೆ ಕೂತವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಗಾಬರಿಯಾದವರದು 25 ದಾಟುವುದೂ ಉಂಟು, ಅದೂ ಎದೆಯ ಮೇಲ್ಭಾಗದಲ್ಲಿ. ಇದರಿಂದ ಮೈಗೆ ಆಮ್ಲಜನಕವೇನೂ ಹೆಚ್ಚು ಸಿಗುವುದಿಲ್ಲ, ರಕ್ತದಲ್ಲಿ ಅದು ಮೊದಲೇ ತುಂಬಿರುತ್ತದೆ. ಇಳಿಯುವುದು ಇಂಗಾಲದ ಡೈಆಕ್ಸೈಡ್. ಅದು ಮಿತಿಗಿಂತ ಇಳಿದರೆ ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ಸುತ್ತುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಶುರುವಾಗುತ್ತದೆ. ಇನ್ನೂ ಮುಂದುವರಿದರೆ ಎರಡೂ ಕೈಯ ಬೆರಳುಗಳು ಒಳಕ್ಕೆ ಸೆಟೆದುಕೊಳ್ಳುತ್ತವೆ. ‘ಲಕ್ವ ಹೊಡೀತು’ ಎಂದು ಮನೆಯವರು ಕೂಗಿಕೊಳ್ಳುವುದು ಎಷ್ಟೋ ಸಲ ಇದನ್ನು ನೋಡಿ. ಇಂಥವರ ಮುಂದೆ ನಿಂತು ‘ಜೋರಾಗಿ ಉಸಿರು ತಗೋ, ಇನ್ನೂ ತಗೋ’ ಎಂದರೆ ತಲೆಸುತ್ತೂ ಜುಮುಜುಮೂ ಎರಡರಷ್ಟಾಗುತ್ತವೆ. ಆಗ ಅವರಿಗೆ ಸಾವೇ ಬಂದಂತೆ ಅನಿಸಿದರೆ ಆಶ್ಚರ್ಯವಿಲ್ಲ.

ಹೇಳಬೇಕಾದದ್ದು ಇದರ ತಿರುಗುಮುರುಗು. ಮೊದಲು ಉಸಿರು ಬಿಡಿ.

ಮಾಡುವ ಕ್ರಮ ಹೀಗಿದೆ. ಬೆನ್ನಿಗೆ ಆಸರೆ ಇಟ್ಟು ಕೂರಬೇಕು, ಪಾದ ನೆಲಕ್ಕೆ ತಾಗಬೇಕು. ಬೆಲ್ಟ್ ಇರಲಿ, ಲಂಗದ ಲಾಡಿ ಇರಲಿ, ಒಂದಿಷ್ಟು ಸಡಿಲ ಮಾಡಬೇಕು. ಹೊಟ್ಟೆ ಬಿಗಿದಿದ್ದರೆ ಉಸಿರು ಎದೆಯಿಂದ ಕೆಳಗೆ ಇಳಿಯುವುದಿಲ್ಲ. ಒಂದು ಅಂಗೈ ಹೊಕ್ಕುಳಿನ ಮೇಲಿರಲಿ. ತುಟಿಯನ್ನು ಸ್ವಲ್ಪ ಮುಂದೆ ಮಾಡಿ ನಿಧಾನವಾಗಿ ಗಾಳಿ ಬಿಡುತ್ತಾ ಆರು ಎಣಿಸಬೇಕು. ಒಲೆಗೆ ಊದುಗೊಳವೆ ಹಿಡಿದು ಊದುವ ರಭಸ ಬೇಡ, ಬಿಸಿ ಹಾಲಿನ ಮೇಲಿನ ಕೆನೆಯನ್ನು ಆಚೆ ಸರಿಸುವಷ್ಟು ಸಾಕು. ಗಾಳಿಯೆಲ್ಲ ಹೋದ ಮೇಲೆ ಬಾಯಿ ಮುಚ್ಚಿದರೆ ಮೂಗಿನಿಂದ ತಾನಾಗಿಯೇ ಒಳಗೆ ಬರುತ್ತದೆ. ಅದನ್ನು ಎಳೆಯದೆ, ಬರಲು ಬಿಟ್ಟು, ನಾಲ್ಕು ಎಣಿಸಬೇಕು. ಅಂಗೈ ಮುಂದಕ್ಕೆ ಬಂದರೆ ಸರಿ, ಭುಜ ಮೇಲೆದ್ದರೆ ತಪ್ಪು. ನಾಲ್ಕೂ ಆರೂ ಸೇರಿ ಹತ್ತು ಸೆಕೆಂಡು, ಅಂದರೆ ನಿಮಿಷಕ್ಕೆ ಆರು ಉಸಿರು. ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುವುದು, ಎಳೆಯುವಾಗ ಸ್ವಲ್ಪ ವೇಗವಾಗುವುದು ದೇಹದ ಸಹಜ ಗುಣ. ಬಿಡುವ ಹೊತ್ತನ್ನು ಉದ್ದ ಮಾಡುವುದು ಅದಕ್ಕೇ.

ಎಣಿಕೆಗೆ ಮೊಬೈಲ್ ಬೇಡ. ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣು ಮುಟ್ಟುತ್ತಾ ಹೋದರೆ ಒಂದು ಕೈಗೆ ಹನ್ನೆರಡು ಉಸಿರು, ಎರಡು ನಿಮಿಷ. ಹೀಗೆ ಮೂರು ಸುತ್ತು ಮುಗಿಸಿದರೆ ಆರು ನಿಮಿಷ. ಒಂದೇ ಸುತ್ತಿಗೆ ‘ಇದೇನೂ ಉಪಯೋಗವಿಲ್ಲ’ ಎಂದು ಏಳುವವರೇ ಹೆಚ್ಚು. ಗಾಬರಿಯಾದಾಗ ಮೈಯೊಳಗೆ ಸುರಿಯುವ ಅಡ್ರಿನಲಿನ್ ಎಂಬ ಹಾರ್ಮೋನು ಒಮ್ಮೆ ರಕ್ತಕ್ಕೆ ಸೇರಿದರೆ ಕರಗಲು ಅದರದೇ ಹೊತ್ತು ಬೇಕು. ಜೋರಾದ ಗಾಬರಿಯೂ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತುದಿ ಮುಟ್ಟಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಉಸಿರಿನ ಕೆಲಸ ಅದನ್ನು ಓಡಿಸುವುದಲ್ಲ, ಅದು ಇಳಿಯುವ ದಾರಿಗೆ ನಾವೇ ಅಡ್ಡ ಬರದಂತೆ ನೋಡಿಕೊಳ್ಳುವುದು.

ಎಡವಟ್ಟಾಗುವುದು ಎಣಿಕೆಯ ವೇಗದಲ್ಲಿ. ಎದೆ ಡವಡವ ಎನ್ನುವಾಗ ‘ಒಂದು ಎರಡು ಮೂರು’ ಕೂಡ ಅದೇ ಲಯದಲ್ಲಿ ಓಡಿ, ಆರು ಎಣಿಸಿದರೂ ಮೂರೇ ಸೆಕೆಂಡು ಆಗಿರುತ್ತದೆ. ‘ಒಂದೂ ಆಯ್ತು, ಎರಡೂ ಆಯ್ತು’ ಎಂದು ಮನಸ್ಸಿನಲ್ಲೇ ಹೇಳಿಕೊಂಡರೆ ವೇಗ ತಹಬಂದಿಗೆ ಬರುತ್ತದೆ, ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳಿಸುವಂತಿದ್ದರೆ ಇನ್ನೂ ಒಳ್ಳೆಯದು. ನಾಲ್ಕು–ಆರು ಕಷ್ಟವಾದರೆ ಮೂರು–ನಾಲ್ಕರಿಂದ ಶುರು ಮಾಡಬಹುದು. ನಡುವೆ ತಲೆ ಸುತ್ತಿದರೆ ಒಳಗೆ ತೆಗೆದುಕೊಂಡದ್ದು ಹೆಚ್ಚಾಗಿದೆ ಎಂದರ್ಥ, ಅದನ್ನು ಅರ್ಧಕ್ಕಿಳಿಸಬೇಕು. ಉಸಿರು ಕಟ್ಟಿ ಹಿಡಿಯುವ ಕುಂಭಕ ಈ ಹೊತ್ತಿಗೆ ಬೇಡ. ಗರ್ಭಿಣಿಯರಿಗೆ, ಬಿಪಿ ಮತ್ತು ಹೃದಯದ ತೊಂದರೆ ಇರುವವರಿಗಂತೂ ಬೇಡವೇ ಬೇಡ. ಸಿನಿಮಾಗಳಲ್ಲಿ ಕಾಣುವ ಹಾಗೆ ಕಾಗದದ ಚೀಲದೊಳಗೆ ಉಸಿರಾಡಿಸುವುದನ್ನೂ ಮಾಡಬಾರದು. ಗಾಬರಿ ಎಂದುಕೊಂಡದ್ದು ಆಸ್ತಮಾವೋ ಹೃದಯಾಘಾತವೋ ಆಗಿದ್ದರೆ ಆ ಚೀಲ ಇರುವ ಆಮ್ಲಜನಕವನ್ನೂ ಕಿತ್ತುಕೊಳ್ಳುತ್ತದೆ. ಆಸ್ತಮಾ ಇರುವವರಿಗೆ ಮೊದಲು ಇನ್ಹೇಲರ್, ಎಣಿಕೆ ಆಮೇಲೆ.

ಇನ್ನೊಂದು ಮಾತು ಬಿಡಬಾರದು. ಗಾಬರಿ ಬಂದ ದಿನವೇ ಮೊದಲ ಬಾರಿ ಮಾಡಿದರೆ ಇದು ಕೈ ಹಿಡಿಯುವುದಿಲ್ಲ. ಈಜು ಕಲಿಯಲು ಹೊಳೆಗೆ ಬಿದ್ದ ದಿನಕ್ಕೆ ಕಾಯುವವರಿಲ್ಲ. ಮನಸ್ಸು ಸರಿ ಇರುವ ದಿನಗಳಲ್ಲಿ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹತ್ತು ಹದಿನೈದು ದಿನ ಮಾಡಿದ್ದರೆ ಬೇಕಾದಾಗ ದೇಹ ತಾನೇ ನೆನಪಿಸಿಕೊಳ್ಳುತ್ತದೆ.

ಎಣಿಕೆಯೇ ತಲೆನೋವು ಎನ್ನುವವರಿಗೆ ನಮ್ಮ ಮನೆಗಳಲ್ಲೇ ಬೇರೆ ದಾರಿ ಇದೆ. 2001ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಟಲಿಯ ಲೂಚಾನೊ ಬೆರ್ನಾರ್ಡಿ ಮತ್ತು ಸಂಗಡಿಗರು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಹತ್ತಿರಕ್ಕೆ ಇಳಿದಿತ್ತು. ಭಾಷೆ ಬೇರೆ, ದೇವರು ಬೇರೆ, ಸಾಲಿನ ಉದ್ದ ಮಾತ್ರ ಹೆಚ್ಚುಕಡಿಮೆ ಒಂದೇ. ಹಾಗಾಗಿ ವಚನವೋ, ದಾಸರ ಪದವೋ, ಮುಸ್ಲಿಮರ ನಾಮಸ್ಮರಣೆಯಾದ ಜಿಕ್ರ್ ಇರಲಿ, ಲಾಲಿಹಾಡಿರಲಿ, ಒಂದು ಉಸಿರಿಗೆ ಒಂದು ಸಾಲು ಎಳೆದು ಹೇಳಿದರೆ ಕೆಲಸ ಆಗುತ್ತದೆ. ದೇವರನ್ನು ನಂಬದವರು ಸುಮ್ಮನೆ ‘ಮ್‌ಮ್‌ಮ್’ ಎಂದು ಗುಂಯ್‌ಗುಟ್ಟಬಹುದು, ಭ್ರಾಮರಿ ಪ್ರಾಣಾಯಾಮದ ಮೂಲವೂ ಅದೇ. ಸಹಸ್ರನಾಮವನ್ನು ಎಕ್ಸ್‌ಪ್ರೆಸ್ ರೈಲಿನಂತೆ ಓಡಿಸಿ ಮುಗಿಸುವವರಿಗೆ ಪುಣ್ಯ ಬರಬಹುದೇನೋ, ಉಸಿರು ಮಾತ್ರ ಇನ್ನಷ್ಟು ಏರುತ್ತದೆ.

ಮೈ ಬಿಗಿತ ಬಿಡಿಸುವುದು ಎರಡನೆಯದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಕಳೆದ ಶತಮಾನದ ಮೊದಲ ಭಾಗದಲ್ಲಿ ರೂಪಿಸಿದ ಕ್ರಮದ ಚಿಕ್ಕ ರೂಪ ಇದು. ಮಲಗಿ ಅಥವಾ ಒರಗಿ ಕೂತು ಮೊದಲು ಪಾದ, ಆಮೇಲೆ ತೊಡೆ, ಹೊಟ್ಟೆ, ಮುಷ್ಟಿ, ಭುಜ, ಮುಖ, ಹೀಗೆ ಒಂದೊಂದನ್ನೇ ಐದಾರು ಸೆಕೆಂಡು ಬಿಗಿ ಹಿಡಿಯಬೇಕು. ಪೂರ್ತಿ ಶಕ್ತಿ ಬೇಡ, ಮುಕ್ಕಾಲು ಪಾಲು ಸಾಕು. ಬಿಡುವಾಗ ನಿಧಾನವಾಗಿ ಬಿಡುವುದೇ ಎಲ್ಲರೂ ಮಾಡುವ ತಪ್ಪು. ತಲೆಯ ಮೇಲಿನ ಸೌದೆ ಹೊರೆಯನ್ನು ಧೊಪ್ಪೆಂದು ಕೆಡವುವ ಹಾಗೆ ಒಮ್ಮೆಗೇ ಬಿಟ್ಟು, ಇಪ್ಪತ್ತು ಸೆಕೆಂಡು ಆ ಜಾಗದ ಭಾರವನ್ನು ಗಮನಿಸಬೇಕು. ಪಾದ ಬಿಗಿಯುವಾಗ ಬೆರಳನ್ನು ಮುಂದಕ್ಕೆ ಚಾಚಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಬೆರಳು ಮೊಣಕಾಲಿನ ಕಡೆಗಿರಲಿ. ಮಂಡಿ, ಸೊಂಟ, ಕತ್ತಿನ ನೋವಿರುವವರು ಆಯಾ ಭಾಗ ಬಿಟ್ಟು ಮುಂದಕ್ಕೆ ಹೋಗಬಹುದು. ಎಲ್ಲ ಸೇರಿ ಸುಮಾರು ಮೂರು ನಿಮಿಷ. ಬಸ್ಸಿನಲ್ಲಿ, ಸಂದರ್ಶನದ ಹೊರಗಿನ ಬೆಂಚಿನಲ್ಲಿ ಇದೆಲ್ಲ ಆಗದು. ಅಲ್ಲಿ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಬಿಡುವುದು, ಮುಷ್ಟಿ ಕಟ್ಟಿ ಬಿಡುವುದು, ಇಷ್ಟೇ ಸಾಕು. ಯಾರಿಗೂ ಕಾಣುವುದಿಲ್ಲ.

ನೀರಿನ ಉಪಾಯ ಹಿರಿಯರಿಗೆ ಗೊತ್ತೇ ಇದೆ. ಮುಖಕ್ಕೆ ತಣ್ಣೀರು ಬಿದ್ದಾಗ, ಅದರಲ್ಲೂ ಕಣ್ಣು ಮೂಗಿನ ಸುತ್ತ, ನೀರಿನಲ್ಲಿ ಮುಳುಗಿದಾಗಿನಂತೆ ಹೃದಯದ ಬಡಿತ ಇಳಿಯುತ್ತದೆ. ಎರಡು ಹನಿ ಚಿಮುಕಿಸಿದರೆ ಸಾಲದು, ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಕಣ್ಣು ಕೆನ್ನೆಗಳ ಮೇಲೆ 20–30 ಸೆಕೆಂಡು ಒತ್ತಿ ಹಿಡಿಯಬೇಕು. ಮಡಿಕೇರಿಯಲ್ಲಿ ನಲ್ಲಿ ನೀರೇ ಸಾಕು. ರಾಯಚೂರಿನ ಬೇಸಿಗೆಯಲ್ಲಿ ಮಾಳಿಗೆ ಟ್ಯಾಂಕಿನ ನೀರು ಸ್ನಾನಕ್ಕೆ ಕಾಯಿಸಿದ ಹಾಗಿರುತ್ತದೆ, ಅಲ್ಲಿ ಮಡಕೆ ನೀರೇ ಗತಿ. ಹೃದಯದ ಕಾಯಿಲೆ ಇರುವವರು, ನಾಡಿ ನಿಧಾನ ಮಾಡುವ ಮಾತ್ರೆ ನುಂಗುವವರು ಇದನ್ನು ಮಾಡಬಾರದು. ರಾತ್ರಿಗಾದರೆ ಬಿಸಿನೀರು. ಮಲಗುವ ಒಂದು ಗಂಟೆ ಮೊದಲು ಬಕೆಟ್ಟಿನಲ್ಲಿ ಪಾದ ಮುಳುಗುವಷ್ಟು ನೀರು, ಸುಮಾರು 40 ಡಿಗ್ರಿ, ಮೊಣಕೈ ಅದ್ದಿದರೆ ಹಿತವಾಗಿರುವಷ್ಟು, ಹದಿನೈದು ನಿಮಿಷ. ಪಾದದ ರಕ್ತನಾಳ ಹಿಗ್ಗಿ ಮೈಯೊಳಗಿನ ಶಾಖ ಹೊರಹೋಗುತ್ತದೆ, ಒಳಮೈ ತಂಪಾದರೆ ನಿದ್ದೆ ಸುಲಭ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸುಟ್ಟರೂ ತಿಳಿಯುವುದಿಲ್ಲ, ಅವರ ನೀರನ್ನು ಬೇರೆಯವರು ಮುಟ್ಟಿ ನೋಡಬೇಕು.

ಇನ್ನು ಕೈಕೆಲಸ. ‘ಮನಸ್ಸನ್ನು ಬೇರೆ ಕಡೆ ಹರಿಸಿ’ ಎನ್ನುವುದು ಸುಲಭ, ಯಾವ ಕಡೆಗೆ ಎಂದು ಯಾರೂ ಹೇಳುವುದಿಲ್ಲ. ಎರಡೂ ಕೈಗೆ ಕೆಲಸವಿರಬೇಕು, ಕಣ್ಣಿಗೂ ಸ್ವಲ್ಪ ಬೇಕು, ಅರ್ಧ ಗಂಟೆಯೊಳಗೆ ಮುಗಿದು ಮುಗಿದದ್ದು ಎದುರಿಗೆ ಕಾಣಬೇಕು. ಚುಕ್ಕಿ ರಂಗೋಲಿ, ಹೂಬತ್ತಿ ಹೊಸೆಯುವುದು, ಅಕ್ಕಿ ಆರಿಸುವುದು, ಚಳಿಗಾಲದಲ್ಲಿ ನೆನೆಸಿದ ಅವರೆಕಾಳು ಹಿತುಕುವುದು, ಸೈಕಲ್ ಚೈನಿಗೆ ಎಣ್ಣೆ ಹಾಕಿ ಒರೆಸುವುದು, ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಹೂ ಕಟ್ಟುವುದನ್ನೇ ನೋಡಿ. ಬಾಳೆನಾರು ಒಣಗಿದ್ದರೆ ತುಂಡಾಗುತ್ತದೆ, ಮೊದಲು ನೀರಲ್ಲಿ ಅದ್ದಿಡಬೇಕು. ಎರಡು ಮೊಗ್ಗು ಈ ಕಡೆಗೆ, ಎರಡು ಆ ಕಡೆಗೆ, ತೊಟ್ಟು ತೊಟ್ಟಿಗೆ ತಾಗುವಂತೆ ಇಟ್ಟು, ನಾರನ್ನು ಒಂದು ಸುತ್ತು ತಂದು, ಕುಣಿಕೆ ಮಾಡಿ, ಎಳೆಯಬೇಕು. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಕಡಿಮೆಯಾದರೆ ಹೂ ಜಾರುತ್ತದೆ. ಎಷ್ಟು ಎಳೆಯಬೇಕೆಂಬುದು ಬೆರಳಿಗೆ ಮಾತ್ರ ಗೊತ್ತು, ಮತ್ತು ಆ ಲೆಕ್ಕ ನಡೆಯುವಾಗ ನಾಳಿನ ಚಿಂತೆಗೆ ಜಾಗ ಸಿಗುವುದಿಲ್ಲ. ಒಂದು ಮೊಳ ಮುಗಿಯುವಷ್ಟರಲ್ಲಿ ಭುಜ ಇಳಿದಿರುತ್ತದೆ. ಪಕ್ಕದಲ್ಲಿ ಟಿವಿಯ ಬ್ರೇಕಿಂಗ್ ನ್ಯೂಸ್ ಹಾಕಿಕೊಂಡು ಕಟ್ಟಿದರೆ ಮಾತ್ರ ಹೂವಷ್ಟೇ ಲಾಭ. ಹಾಗೆಯೇ ಆತಂಕದ ದಿನ ಅಟ್ಟ ಗುಡಿಸಲು ಹೊರಡಬೇಡಿ. ಅರ್ಧಕ್ಕೆ ನಿಂತ ಕೆಲಸ ಸಂಜೆಗೆ ಇನ್ನೊಂದು ಕೊರಗಾಗಿ ಕೂರುತ್ತದೆ.

ಕಾಫಿಯ ವಿಷಯ ಹೇಳಿದರೆ ಕೋಪ ಬರುವುದುಂಟು, ಆದರೂ ಹೇಳಬೇಕು. ಕೆಫೀನಿನ ಅರ್ಧ ಪಾಲು ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದ ಸ್ಟ್ರಾಂಗ್ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಅದು ಕೊಡುವ ಕೈನಡುಕ, ಎದೆಬಡಿತ ಆತಂಕದ್ದೇ ಎಂದು ಮನಸ್ಸು ತಪ್ಪಾಗಿ ಓದಿಕೊಳ್ಳುತ್ತದೆ. ಹಾಗೆಂದು ಒಂದೇ ದಿನಕ್ಕೆ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯಲು ಶುರುವಾಗುತ್ತದೆ. ಮೂರು ದಿನಕ್ಕೊಂದು ಲೋಟ ಕಡಿಮೆ ಮಾಡುತ್ತಾ ಬರುವುದು ಸರಿ. ಮಧ್ಯಾಹ್ನ ಎರಡರ ನಂತರದ್ದನ್ನು ಮೊದಲು ಬಿಡಬೇಕು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅಪ್ಪಟ ಕಾಫಿಪುಡಿಯವರು ಮೂಗು ಮುರಿದರೂ ಈ ಕಾಲಕ್ಕೆ ಚಿಕೋರಿ ಹೆಚ್ಚಿರುವ ಪುಡಿಯೇ ಹಿತ.

ಸಂಜೆಯ ಲೋಟ ಕೈಗೆ ಬೇಕೇ ಬೇಕು ಎನ್ನುವವರಿಗೆ ಮಲೆನಾಡಿನ ಕಷಾಯವಿದೆ. ಒಂದು ಲೋಟ ಕೊತ್ತಂಬರಿ ಬೀಜ, ಅರ್ಧ ಲೋಟ ಜೀರಿಗೆ, ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಮೆಂತ್ಯ. ಬೇರೆಬೇರೆಯಾಗಿಯೇ ಹುರಿಯಬೇಕು, ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬಿಸಿಯಾಗುವಷ್ಟರಲ್ಲಿ ಮೆಂತ್ಯ ಕರಿದು ಇಡೀ ಪುಡಿ ಕಹಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಸಣ್ಣ ಉಂಡೆ ಬೆಲ್ಲ, ಮೂರು ನಾಲ್ಕು ನಿಮಿಷ ಕುದಿ. ಹಾಲನ್ನು ಒಲೆ ಆರಿಸಿದ ಮೇಲೆ ಹಾಕಬೇಕು, ಬೆಲ್ಲದ ಜೊತೆ ಕುದಿಸಿದರೆ ಒಡೆಯುತ್ತದೆ. ಇದರಲ್ಲಿ ಆತಂಕ ಇಳಿಸುವ ಔಷಧವಿದೆ ಎಂದು ನಾವು ಹೇಳುವುದಿಲ್ಲ. ಬಿಸಿ ಲೋಟ ಹಿಡಿದು ಹತ್ತು ನಿಮಿಷ ಕೂರುವುದಕ್ಕೊಂದು ನೆಪ, ಕೆಫೀನ್ ಇಲ್ಲದ ನೆಪ, ಅಷ್ಟೇ. ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ಹಾಲಿಗೆ ಹಾಕುವವರು ಎಚ್ಚರವಾಗಿರಬೇಕು. ಚಿಟಿಕೆಗೆ ತೊಂದರೆಯಿಲ್ಲ, ಇಡೀ ಕಾಯಿ ಹೊಟ್ಟೆಗೆ ಹೋದರೆ ವಾಂತಿ, ಎದೆಬಡಿತ, ಭ್ರಮೆ. ಒಂದು ಪೆಗ್ಗು ಹಾಕಿ ಮಲಗುವವರಿಗೆ ನಿದ್ದೆ ಬೇಗ ಬರುವುದು ನಿಜ, ಆದರೆ ಅಮಲಿಳಿಯುತ್ತಲೇ ನಡುರಾತ್ರಿ ಎಚ್ಚರವಾಗಿ ಆತಂಕ ಮೊದಲಿಗಿಂತ ಹೆಚ್ಚಾಗಿರುತ್ತದೆ. ಊಟ ಬಿಡುವುದೂ ತಪ್ಪು. ಹಸಿದ ಹೊಟ್ಟೆಯ ನಡುಕವೂ ಗಾಬರಿಯ ನಡುಕವೂ ಒಂದೇ ತರಹ ಇರುತ್ತವೆ. ಸಾರನ್ನ ಸೇರದಿದ್ದರೆ ಗಂಜಿ, ಮೊಸರನ್ನ, ರಾಗಿ ಅಂಬಲಿ ಯಾವುದಾದರೂ ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ.

ಇಷ್ಟೂ ಮೈಗೆ ಸಂಬಂಧಿಸಿದ್ದು. ಯೋಚನೆಗೂ ಒಂದು ಕಟ್ಟು ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಹೋದ್ಯೋಗಿಗಳು 1983ರಲ್ಲಿ ಒಂದು ಕ್ರಮ ಮುಂದಿಟ್ಟರು. ಚಿಂತೆ ಬಿಡಬೇಡಿ, ಅದಕ್ಕೊಂದು ಹೊತ್ತು ಗೊತ್ತು ಮಾಡಿ ಎಂದು. ಕೇಳಲು ತಮಾಷೆ ಎನಿಸುತ್ತದೆ, ಮಾಡಿದವರಿಗೆ ಗೊತ್ತು. ದಿನಾ ಒಂದೇ ಸಮಯ, ಉದಾಹರಣೆಗೆ ಸಂಜೆ ಐದೂವರೆಯಿಂದ ಆರು. ಒಂದೇ ಕುರ್ಚಿ. ಹಾಸಿಗೆಯ ಮೇಲೆ ಕೂಡದು, ಮಲಗುವ ಹೊತ್ತಿಗೆ ಹತ್ತಿರವೂ ಕೂಡದು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಚೀಟಿಯಲ್ಲಿ ಮೂರು ನಾಲ್ಕು ಪದ ಬರೆದು ‘ಐದೂವರೆಗೆ ನೋಡೋಣ’ ಎಂದು ಕಿಸೆಗೆ ಹಾಕಬೇಕು. ಹೊತ್ತು ಬಂದಾಗ ಚೀಟಿ ತೆಗೆದು, ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆದು, ಒಂದು ಕಡೆ ನಮ್ಮ ಕೈಯಲ್ಲಿರುವುದು, ಇನ್ನೊಂದು ಕಡೆ ಇಲ್ಲದ್ದು ಎಂದು ಬರೆಯುತ್ತಾ ಹೋಗಬೇಕು.

ಅಮ್ಮನ ಗಡ್ಡೆಯ ಬಯಾಪ್ಸಿ ವರದಿಗೆ ಕಾಯುತ್ತಿರುವ ಮನೆಯ ಪುಟ ಹೀಗಿರಬಹುದು. ಬಲಗಡೆ: ‘ವರದಿಯಲ್ಲಿ ಏನಿರುತ್ತದೆ’. ಎಡಗಡೆ: ‘ಗುರುವಾರ ಹನ್ನೊಂದಕ್ಕೆ ಲ್ಯಾಬಿಗೆ ಒಂದೇ ಫೋನು. ಹಳೆಯ ಸ್ಕ್ಯಾನಿಂಗ್ ಫಿಲಂ ಬೀರುವಿನಿಂದ ತೆಗೆದಿಡುವುದು. ಆಧಾರ್, ಬಿಪಿಎಲ್ ಕಾರ್ಡಿನ ಜೆರಾಕ್ಸ್ ಎರಡೆರಡು. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಮೂರು.’ ಬಲಗಡೆಯದಕ್ಕೆ ಉತ್ತರ ಬರೆಯಲು ಹೋಗಬಾರದು, ಬರೆದು ಬಿಟ್ಟರಾಯಿತು. ಎಡಗಡೆಯದಕ್ಕೆ ದಿನ, ಗಂಟೆ ಹಾಕಬೇಕು. ದಿನ ಹಾಕದ ಕೆಲಸ ಮರುದಿನ ಮತ್ತೆ ಚಿಂತೆಯಾಗಿ ಬರುತ್ತದೆ.

ಈ ಕ್ರಮ ಕೆಡುವುದು ನಾಲ್ಕೈದು ದಿನಗಳ ಮೇಲೆ. ಸ್ವಲ್ಪ ಹಗುರಾಯಿತೆಂದು ಐದೂವರೆಯ ಹೊತ್ತನ್ನು ತಪ್ಪಿಸುತ್ತಾರೆ. ‘ಆಮೇಲೆ ನೋಡೋಣ’ ಎಂದದ್ದು ಸುಳ್ಳೆಂದು ಮನಸ್ಸಿಗೆ ಒಮ್ಮೆ ತಿಳಿದರೆ ಅದು ಮತ್ತೆ ಒಪ್ಪುವುದಿಲ್ಲ, ಸಾಲ ಕೊಟ್ಟವನ ಹಾಗೆ ಹೊತ್ತುಗೊತ್ತಿಲ್ಲದೆ ಬಾಗಿಲು ಬಡಿಯುತ್ತದೆ. ಚಿಂತಿಸಲು ಏನೂ ಇಲ್ಲದ ದಿನವೂ ಹೋಗಿ ಐದು ನಿಮಿಷ ಕೂತು ಬರಬೇಕು.

ಆತಂಕ ಇಳಿಸಿಕೊಳ್ಳಲು ಮಾಡುವ ಕೆಲವು ಕೆಲಸಗಳೇ ಅದನ್ನು ಸಾಕುತ್ತವೆ, ಇದನ್ನು ಪತ್ರಿಕೆಗಳು ಹೇಳುವುದು ಕಡಿಮೆ. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ದಿನಾ ಬರುತ್ತಿದ್ದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಉದ್ದುದ್ದ ಸಾಲು ನಿಂತದ್ದು ಎಲ್ಲರಿಗೂ ನೆನಪಿದೆ. ಒಮ್ಮೆ ತಪಾಸಣೆ ಮಾಡಿಸಿಕೊಳ್ಳುವುದು ಬುದ್ಧಿವಂತಿಕೆ. ತೊಂದರೆ ಇರುವುದು ಅದರ ನಂತರದಲ್ಲಿ. ಇಸಿಜಿ ಸರಿ ಇದೆ ಎಂದ ಮೇಲೂ ನಾಡಿ ಹಿಡಿದು ನೋಡುವುದು, ಬಿಪಿ ಮೆಷಿನ್ನನ್ನು ದಿನಕ್ಕೆ ಹತ್ತು ಸಲ ಕಟ್ಟುವುದು, ಕೈಗಡಿಯಾರದ ಹೃದಯಬಡಿತದ ಅಂಕಿ ನೋಡುವುದು, ‘ನನಗೇನೂ ಇಲ್ಲ ಅಲ್ವಾ?’ ಎಂದು ಮನೆಯವರನ್ನು ಕೇಳುತ್ತಲೇ ಇರುವುದು. ಪ್ರತಿ ಸಲವೂ ಹತ್ತು ನಿಮಿಷ ಸಮಾಧಾನ, ಹನ್ನೊಂದನೆಯ ನಿಮಿಷಕ್ಕೆ ಮತ್ತೆ ನೋಡಬೇಕೆನ್ನುವ ತುರಿಕೆ. ಗಾಬರಿಯಲ್ಲಿ ನೋಡಿದ ಬಿಪಿ ಹೆಚ್ಚೇ ಇರುತ್ತದೆ, ಅದನ್ನು ಕಂಡು ಗಾಬರಿ ಇನ್ನಷ್ಟು. ಬಿಪಿ ನೋಡಲೇಬೇಕಾದವರು ವೈದ್ಯರು ಹೇಳಿದ ಹೊತ್ತಿಗೆ ಮಾತ್ರ, ಕಾಫಿ ಕುಡಿದು ಅರ್ಧ ಗಂಟೆಯಾದ ಮೇಲೆ, ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಮಾತಾಡದೆ ನೋಡಬೇಕು. ಅಂಕಿ ಬರೆದಿಟ್ಟು ಮೆಷಿನ್ನನ್ನು ಬೀರುವಿನೊಳಗೆ ಇಡಬೇಕು, ತಲೆದಿಂಬಿನ ಪಕ್ಕ ಅಲ್ಲ.

ಸುದ್ದಿಯ ಲೆಕ್ಕವೂ ಇದೇ. ದಿನಕ್ಕೆ ಎರಡು ಹೊತ್ತು, ಹದಿನೈದು ನಿಮಿಷದಂತೆ ಸಾಕು. ಅಚ್ಚಾದ ಪತ್ರಿಕೆಗೆ ಕೊನೆಯ ಪುಟವಿದೆ, ಮೊಬೈಲಿಗೆ ಇಲ್ಲ. ತಮ್ಮನ್ನು ಹೊಗಳಲು ಬರೆದದ್ದಲ್ಲ ಇದು. ಮುಖಪುಟದಲ್ಲಿ ಸಾವಿನ ಎಣಿಕೆ ಹಾಕುವಾಗ ಅದೇ ಜಿಲ್ಲೆಯಲ್ಲಿ ಕಳೆದ ವರ್ಷ ಇದೇ ತಿಂಗಳು ಎಷ್ಟಿತ್ತು ಎಂಬುದನ್ನೂ ಹಾಕಿದರೆ ಓದುಗರ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ.

ನಿದ್ದೆ ಎಂದ ಮೇಲೆ ನಡುರಾತ್ರಿ ಮೂರರ ಎಚ್ಚರದ ಬಗ್ಗೆ ಎರಡು ಮಾತು. ಗಡಿಯಾರ ನೋಡಬಾರದು. ಇಪ್ಪತ್ತು ನಿಮಿಷ ಆಗಿರಬಹುದು ಅನಿಸಿದರೆ ಹಾಸಿಗೆಯಿಂದ ಎದ್ದು ಇನ್ನೊಂದು ಕೋಣೆಯಲ್ಲೋ ಜಗಲಿಯಲ್ಲೋ ಮಬ್ಬು ಬೆಳಕಿನಲ್ಲಿ ಕೂರಬೇಕು. ಒಂದೇ ಕೋಣೆಯ ಮನೆಯಾದರೆ ಹಾಸಿಗೆ ಬಿಟ್ಟು ಗೋಡೆಗೆ ಒರಗಿದರೂ ಆಯಿತು. ಕಣ್ಣು ಎಳೆಯಲು ಶುರುವಾದಾಗ ಮಾತ್ರ ಮರಳಿ ಮಲಗುವುದು. ಹೊರಳಾಡುತ್ತಾ ಅಲ್ಲೇ ಇದ್ದರೆ ಹಾಸಿಗೆ ಎಂದರೆ ಚಿಂತೆಯ ಜಾಗ ಎಂದು ಮೈ ಕಲಿತುಬಿಡುತ್ತದೆ. ರಾತ್ರಿ ಎಷ್ಟೇ ಕೆಟ್ಟಿದ್ದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು.

ಜೊತೆಗಿರುವವರ ಮಾತಿಗೂ ಅಳತೆ ಇದೆ. ಫಲಿತಾಂಶದ ಹಿಂದಿನ ರಾತ್ರಿ ಮಗಳು ಊಟ ಬಿಟ್ಟು ಕೂತಿದ್ದಾಳೆ. ‘ಏನೂ ಆಗಲ್ಲ ಬಿಡು, ಪಕ್ಕದ್ಮನೆ ಹುಡುಗಿ ನೋಡು ಹೇಗೆ ಆರಾಮಾಗಿದ್ದಾಳೆ’ ಎಂದರೆ ಮಾತು ಅಲ್ಲಿಗೆ ಮುಗಿಯಿತು. ‘ಪುಟ್ಟೀ, ಹೊಟ್ಟೇಲಿ ಹೇಗಾಗ್ತಿದೆ?’ ‘ಕಲಸಿದ ಹಾಗೆ ಅಮ್ಮ.’ ‘ನಾನೂ ಇಲ್ಲೇ ಕೂತಿರ್ತೀನಿ. ಎರಡು ತುತ್ತು ಮೊಸರನ್ನ ಕಲಸ್ಲಾ?’ ಇಷ್ಟು ಸಾಕು. ಏನಾಗುತ್ತಿದೆ ಎಂದು ಬಾಯಿಬಿಟ್ಟು ಹೆಸರಿಸಿದರೇ ಅರ್ಧ ಭಾರ ಇಳಿಯುತ್ತದೆ. ಕೈತಪ್ಪಿದರೆ ಮತ್ತೆ ಬರೆಯಲು ಪರೀಕ್ಷೆ–2 ಇರುವ ಮಾತನ್ನು ಫಲಿತಾಂಶ ಬರುವ ಮೊದಲೇ ಒಮ್ಮೆ, ಒಂದೇ ಸಲ, ಹೇಳಿಟ್ಟಿರಬೇಕು.

ಈ ಯಾವುದೂ ಸಾಲದ ಹೊತ್ತು ಇರುತ್ತದೆ, ಅದನ್ನು ಮರೆಮಾಚಬಾರದು. ಎದೆಯ ನಡುವೆ ಹಿಂಡಿದಂಥ ನೋವು, ಅದು ಎಡತೋಳಿಗೋ ದವಡೆಗೋ ಹರಡುವುದು, ತಣ್ಣನೆ ಬೆವರು, ಅದರಲ್ಲೂ ನಲವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆಯವರಿಗೆ ಆದರೆ ‘ಗ್ಯಾಸು’ ಎಂದು ಸೋಡಾ ಕುಡಿಸುತ್ತಾ, ಉಸಿರು ಎಣಿಸುತ್ತಾ ಕೂರಬಾರದು. ಕೂಡಲೇ 108. ಮುಖ ಒಂದು ಕಡೆ ವಾಲಿದರೆ, ಒಂದೇ ಪಕ್ಕದ ಕೈಕಾಲಿನ ಬಲ ಹೋದರೆ ಆಗಲೂ ಅದೇ. ವಾರಗಟ್ಟಲೆ ಎದೆಬಡಿತ, ಕೈನಡುಕ, ಮೈ ಇಳಿಯುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು, ಅದರ ವೇಷ ಆತಂಕದಂತೆಯೇ ಇರುತ್ತದೆ. ಆತಂಕಕ್ಕೆ ಕೊಡುವ ಅಲ್ಪ್ರಜೋಲಾಮ್ ಮಾತ್ರೆಯನ್ನು ಪಕ್ಕದ ಮನೆಯವರ ಚೀಟಿಯಲ್ಲಿ ತಂದು ನುಂಗುವುದು ಬೇಡ. ಅದು ಬೇಗ ಚಟವಾಗುತ್ತದೆ, ಬಹುಕಾಲ ನುಂಗಿದವರು ಒಮ್ಮೆಗೇ ಬಿಟ್ಟರೆ ಫಿಟ್ಸ್ ಬರಬಹುದು.

ಆತಂಕ ಎರಡು ವಾರ ದಾಟಿ ಊಟ, ನಿದ್ದೆ, ಕೆಲಸ ಕೆಡಿಸಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ ಹೋಗಬೇಕು. ಬದುಕೇ ಬೇಡ ಎಂಬ ಮಾತು ಯಾರ ಬಾಯಿಂದ ಬಂದರೂ ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಕೀಟನಾಶಕದ ಡಬ್ಬಿಯನ್ನು ಆ ಹೊತ್ತಿಗೇ ಬೇರೆಯವರ ಮನೆಗೆ ಸಾಗಿಸಬೇಕು, ನಾಳೆಗೆ ಎಂದು ಬಿಡಬಾರದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ–ಮಾನಸ್ ಸಹಾಯವಾಣಿಯ ಸಂಖ್ಯೆ 14416. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕರೆ ಮಾಡಿದಾಗ ಮೊದಲು ಭಾಷೆ ಆರಿಸಿಕೊಳ್ಳಲು ಕೇಳುತ್ತದೆ, ಅಲ್ಲಿ ಗಾಬರಿಯಾಗಿ ಫೋನ್ ಇಡಬಾರದು. ವಯಸ್ಸಾದವರಿಗೆ ಮನೆಯವರು ಒಮ್ಮೆ ಜೊತೆಯಲ್ಲಿ ಕೂತು ತೋರಿಸಿಕೊಡಬಹುದು.

ಪತ್ರ ಉದ್ದವಾಗಿದೆ, ತಾವು ಕತ್ತರಿ ಹಾಕುವುದು ಖಂಡಿತ. ಹಾಕುವುದಾದರೆ ಕಷಾಯವನ್ನು ತೆಗೆಯಿರಿ, ಹೂ ಕಟ್ಟುವುದನ್ನೂ ಬೇಕಾದರೆ ತೆಗೆಯಿರಿ. ‘ಮೊದಲು ಉಸಿರು ಬಿಡಿ’ ಎಂಬ ಭಾಗವನ್ನೂ 14416 ಎಂಬ ಅಂಕಿಯನ್ನೂ ಹಾಗೆಯೇ ಉಳಿಸಿ. ಆ ಅಂಕಿ ಸ್ವಲ್ಪ ದಪ್ಪ ಅಕ್ಷರದಲ್ಲಿದ್ದರೆ ಕನ್ನಡಕ ಹುಡುಕುವವರಿಗೂ ಕಾಣುತ್ತದೆ.

— ಕೆಲವು ಆಪ್ತಸಮಾಲೋಚಕರು ಮತ್ತು ನರ್ಸ್‌ಗಳು, ಮೈಸೂರು